ಪೆನ್ನಿಗೆ ಎಷ್ಟು ಎನ್?

ಜಿಲ್ಲಾಧಿಕಾರಿಗಳು ಮಳೆಗೆಂದು ರಜೆ ಸಾರಿದ ದಿನ, ಒಂದನೇ ತರಗತಿಯ ಸೋದರಳಿಯನಿಗೆ ಇಂಗ್ಲಿಷ್ ಕಲಿಸುವ ಕೆಲಸ ನನ್ನ ತಲೆಗೆ ಬಂತು. ಕ್ಯಾಟ್, ಪೆನ್, ಪಿನ್, ಪಾಟ್, ಕಪ್. ಐದು ಪದ, ಐದು ಹ್ರಸ್ವ ಸ್ವರ. ಅರ್ಧ ಗಂಟೆ ಸಾಕು ಎಂದುಕೊಂಡೆ.

"ಪೆನ್ ಬರೆ."

ಬರೆದ: ಪಿ, ಇ, ಎನ್, ಎನ್, ಯು.

"ಇದೇನೋ ಇಷ್ಟುದ್ದ?"

"ಪೆನ್ನು ಅಲ್ಲವಾ ಮಾವ?"

ತಪ್ಪು ಅವನದಲ್ಲ. ಹ್ರಸ್ವದ ಮುಂದಿನ ವ್ಯಂಜನವನ್ನು ಇಮ್ಮಡಿಸಿ ಬಾಲಕ್ಕೊಂದು ಉಕಾರ ಅಂಟಿಸುವುದು ನಮ್ಮ ನಾಲಿಗೆಯ ಹುಟ್ಟುಗುಣ: ಬಸ್ಸು, ಪೆನ್ನು, ಪಿನ್ನು. ದೀರ್ಘವಾದರೆ ಒಂದೇ ಸಾಕು: ಗೇಟು, ಕೇಕು. ಕಪ್ ಬರೆ ಎಂದರೆ ಬಣ್ಣದ ಪೆನ್ಸಿಲ್ ಡಬ್ಬಿಯಿಂದ ಕಪ್ಪು ತೆಗೆದುಕೊಂಡು ಮುಂದಿನ ಅಪ್ಪಣೆಗೆ ಕಾದ.

ಕ್ಯಾಟ್‌ಗೆ ಸಿ, ವೈ, ಎ, ಟಿ. ಕಕಾರಕ್ಕೆ ಯ ಒತ್ತು ಇದೆಯಲ್ಲ! ಇಂಗ್ಲಿಷಿನವರು ಹ್ರಸ್ವ ಎನ್ನುವ ಆ ಸ್ವರಕ್ಕೆ ನಾವು ಒತ್ತು ಕೊಟ್ಟು, ದೀರ್ಘವನ್ನೂ ಎಳೆದು ಕೂಡಿಸಿದ್ದೇವೆ. ಕನ್ನಡದ ಲೆಕ್ಕದಲ್ಲಿ ಹುಡುಗನಿಗೆ ಪೂರ್ತಿ ಅಂಕ ಕೊಡಬೇಕು.

ನಾನು ಬಿಡಲಿಲ್ಲ. ಒಂದೊಂದೇ ಧ್ವನಿ ಬಿಡಿಸಿ ಹೇಳಿದರೆ ತಲೆಗೆ ಹತ್ತುತ್ತದೆಂದು "ಪ್... ಎ... ನ್" ಎಂದೆ. ಅವನು ಮಾಡಿನಿಂದ ಸುರಿಯುವ ನೀರನ್ನು ನೋಡುತ್ತಿದ್ದ. ಗಂಟಲೇರಿಸಿ, ಎಳೆದು ಹೇಳಿದೆ: "ಪೇ...ನ್! ಪೇ...ನ್!"

"ಪೇನಾ?" ಎನ್ನುತ್ತ ಅಡುಗೆಮನೆಯಿಂದ ಅಮ್ಮ ಓಡಿ ಬಂದರು.

1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದ ಮೇಲೆ ನಮ್ಮ ಬಸ್ಸುಗಳ ಹಣೆಬರಹ ಮಲಯಾಳ; ಮನೆಯ ಮಾತು ತುಳು; ಶಾಲೆಯ ಪುಸ್ತಕ ಕನ್ನಡ. ಹ್ರಸ್ವವೊಂದು ಕೊಂಚ ಕಾಲು ಚಾಚಿದರೂ ಬೇರೊಂದು ಭಾಷೆಯ ಅಂಗಳದಲ್ಲಿರುತ್ತದೆ. ತುಳುವಿನಲ್ಲಿ ಪೇನ್ ಎಂದರೆ ಹೇನು. ಮಲಯಾಳದಲ್ಲೂ ಅದೇ. ಹಾಗಾಗಿ ಕರಿಬೇವು ಕೇಳಲು ಬಂದಿದ್ದ ಪಕ್ಕದ ಮನೆಯ ಚೇಚಿಗೂ, ಅಂದರೆ ಮಲಯಾಳಿ ಅಕ್ಕನಿಗೂ, ಸಂಗತಿ ಕೂಡಲೇ ಅರ್ಥವಾಯಿತು. ಅವರು ತಮ್ಮ ಸೆರಗನ್ನು ತಲೆಗೆ ಬಿಗಿದುಕೊಂಡು ಎರಡು ಹೆಜ್ಜೆ ಹಿಂದೆ ಸರಿದರು.

ನಾನು ಸ್ವರವಿಜ್ಞಾನ ವಿವರಿಸುವಷ್ಟರಲ್ಲಿ ಹುಡುಗನ ತಲೆ ಅಜ್ಜಿಯ ಮಡಿಲಲ್ಲಿತ್ತು. ತೆಂಗಿನೆಣ್ಣೆ ಬಂತು, ಸಣ್ಣ ಹಲ್ಲಿನ ಬಾಚಣಿಗೆ ಬಂತು, ಕೆಳಗೆ ಹಳೆಯ ಪತ್ರಿಕೆಯನ್ನೂ ಹಾಸಿದ್ದಾಯಿತು. ಕಿವಿಯ ಹಿಂದಿನಿಂದ ಎರಡು ಸಲ ಬಾಚಿದ್ದೇ ತಡ, ಅಮ್ಮ ಪತ್ರಿಕೆಯ ಮೇಲೆ ಬೆರಳಿಟ್ಟು ಗೆದ್ದವರ ಹಾಗೆ ನನ್ನತ್ತ ನೋಡಿದರು.

"ಎರಡು ಇವೆ!"

"ನಾನು ಆಗಲೇ ಬರೆದಿದ್ದೆನಲ್ಲ ಮಾವ, ಎರಡು ಎನ್ ಎಂದು," ಮಡಿಲಿನಿಂದ ಹುಡುಗ ಕೂಗಿದ.