“ಇನ್ನೊಂದು ವರ್ಷ ಪಳಗಲಿ”

ಬಡ್ತಿ ಯಾರಿಗೆ ಅಂತ ತೀರ್ಮಾನಿಸುವ ಮೀಟಿಂಗಿನಲ್ಲಿ ಮೊದಲ ಸಲ ಕೂತ ದಿನ ನನಗೆ ಒಳಗೊಳಗೇ ಹೆಮ್ಮೆಯಾಗಿತ್ತು. ಆರು ಜನ, ಗೋಡೆಯ ಪರದೆ ಮೇಲೆ ಒಂದು ಎಕ್ಸೆಲ್ ಶೀಟು, ಮೂರು ಟೀಮ್ ಲೀಡ್ ಹುದ್ದೆಗೆ ಎಂಟು ಹೆಸರು. ಕೋಣೆಯಲ್ಲಿದ್ದ ಒಬ್ಬಳೇ ಹೆಂಗಸು ನಾನು. ಶೀಟಿನ ಕೊನೆಯ ಕಾಲಂ ‘ರಿಮಾರ್ಕ್ಸ್’. ಒಬ್ಬ ಹುಡುಗನ ಹೆಸರಿನ ಮುಂದೆ ‘ಹೈ ಪೊಟೆನ್ಶಿಯಲ್’ ಅಂತಿತ್ತು. ಅವನಿಗಿಂತ ಎರಡು ವರ್ಷ ಹೆಚ್ಚು ಅನುಭವ ಇದ್ದವಳು, ಆ ವರ್ಷ ಕೈಬಿಟ್ಟೇ ಹೋಗುತ್ತಿದ್ದ ಕ್ಲೈಂಟನ್ನು ಹಗಲುರಾತ್ರಿ ಕೂತು ಉಳಿಸಿಕೊಂಡವಳು, ಅವಳ ಹೆಸರಿನ ಮುಂದೆ ‘ಸ್ವಲ್ಪ ಅಗ್ರೆಸಿವ್. ಇನ್ನೊಂದು ವರ್ಷ ಪಳಗಲಿ’. ಅದರ ಕೆಳಗಿನ ಸಾಲಿನಲ್ಲಿ ಅಲ್ಪಸಂಖ್ಯಾತ ಸಮುದಾಯದ ಒಬ್ಬ ಹುಡುಗ. ‘ಕೆಲಸ ಚೆನ್ನಾಗಿದೆ. ಟೀಮ್ ಜೊತೆ ಅಷ್ಟಾಗಿ ಬೆರೆಯಲ್ಲ.’ ಇಬ್ಬರದೂ ಸೇರಿ ನಾಲ್ಕು ನಿಮಿಷವೂ ಹಿಡಿಯಲಿಲ್ಲ. ಎಲ್ಲರೂ ತಲೆಯಾಡಿಸಿದರು. ನಾನೂ ಆಡಿಸಿದೆ.

ಅಲ್ಲಿದ್ದವರು ಯಾರೂ ಕೆಟ್ಟವರಲ್ಲ. ಒಬ್ಬರ ಬಾಯಲ್ಲೂ ‘ಹೆಂಗಸು ಬೇಡ’ ಅನ್ನುವ ಮಾತು ಬರಲಿಲ್ಲ, ಬರುವುದೂ ಇಲ್ಲ. ‘ಪಳಗಲಿ’ ಅನ್ನುತ್ತಾರೆ. ‘ಬೆರೆಯಲ್ಲ’ ಅನ್ನುತ್ತಾರೆ. ‘ಲೀಡರ್‌ಶಿಪ್ ಕಳೆ ಕಾಣ್ತಿಲ್ಲ’ ಅನ್ನುತ್ತಾರೆ. ಯಾರೂ ಅಳೆಯಲಾಗದ, ಆದ್ದರಿಂದ ಯಾರೂ ಅಲ್ಲಗಳೆಯಲೂ ಆಗದ ಮಾತುಗಳು ಇವು. ಎಷ್ಟು ವ್ಯವಹಾರ ತಂದಳು, ಎಷ್ಟು ಜನರನ್ನು ತಯಾರು ಮಾಡಿದಳು ಅಂತ ಕೇಳಿದರೆ ಅಂಕಿ ಸಿಗುತ್ತದೆ. ಎಷ್ಟು ಪಳಗಬೇಕು, ಯಾವಾಗ ಪಳಗಿದ ಹಾಗೆ ಅಂತ ಕೇಳಿದರೆ ಉತ್ತರ ಇಲ್ಲ.

ಇದು ಹೊಸದೇನಲ್ಲ. 1982ರಲ್ಲಿ ಅಮೆರಿಕದ ಪ್ರೈಸ್ ವಾಟರ್‌ಹೌಸ್ ಅನ್ನುವ ದೊಡ್ಡ ಲೆಕ್ಕಪರಿಶೋಧನಾ ಸಂಸ್ಥೆಯಲ್ಲಿ ಪಾಲುದಾರರಾಗಲು 88 ಜನರ ಹೆಸರು ಮುಂದೆ ಬಂತು. ಅದರಲ್ಲಿ ಹೆಣ್ಣು ಒಬ್ಬರೇ, ಆ್ಯನ್ ಹಾಪ್ಕಿನ್ಸ್. ವಿದೇಶಾಂಗ ಇಲಾಖೆಯಿಂದ 2.5 ಕೋಟಿ ಡಾಲರ್‌ನ ಗುತ್ತಿಗೆ ಗಿಟ್ಟಿಸುವುದಕ್ಕೆ ಎರಡು ವರ್ಷ ದುಡಿದವರು ಅವರು. ಅವರ ಕಡತದಲ್ಲಿ ಪಾಲುದಾರರು ಬರೆದದ್ದು ಏನು ಗೊತ್ತೇ? ಗಂಡುಬೀರಿ ಅನ್ನುವ ಅರ್ಥದ ಟೀಕೆ. ನಯನಾಜೂಕು ಕಲಿಸುವ ಶಾಲೆಗೆ ಕಳಿಸಬೇಕು ಅನ್ನುವ ಸಲಹೆ. ಆಯ್ಕೆ ಮುಂದೂಡಿದ ಮೇಲೆ, ಹೆಣ್ಣಿನ ಹಾಗೆ ನಡೆ, ಹೆಣ್ಣಿನ ಹಾಗೆ ಮಾತಾಡು, ಮೇಕಪ್ ಹಾಕು, ಒಡವೆ ಹಾಕು ಅಂತ ಒಬ್ಬರು ಬುದ್ಧಿವಾದ ಹೇಳಿ ಕಳಿಸಿದರು. ಆ್ಯನ್ ಕೋರ್ಟಿಗೆ ಹೋದರು. 1989ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್, ಹೆಣ್ಣು ಹೀಗೇ ಇರಬೇಕೆಂಬ ಸಿದ್ಧ ಅಚ್ಚಿನಲ್ಲಿ ಒಬ್ಬರನ್ನು ಅಳೆಯುವುದೂ ತಾರತಮ್ಯವೇ ಎಂದು ಹೇಳಿತು. ಕೊನೆಗೆ ನ್ಯಾಯಾಲಯದ ಆದೇಶ ಹಿಡಿದುಕೊಂಡೇ ಅವರು ಪಾಲುದಾರರಾದರು. ಈ ಪ್ರಕರಣ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ‘ಅಗ್ರೆಸಿವ್’ ಅನ್ನುವ ಆ ಒಂದು ಪದ ಕಣ್ಣ ಮುಂದೆಯೇ ನಿಂತಿತ್ತು. ಅದೇ ಗುಣಕ್ಕೆ ಹುಡುಗರ ಸಾಲಿನಲ್ಲಿ ನಾವು ‘ಡ್ರೈವ್ ಇದೆ’ ಅಂತ ಬರೆದಿದ್ದೆವು.

ನಾವೆಲ್ಲ ‘ಗ್ಲಾಸ್ ಸೀಲಿಂಗ್’ ಅಂತ ಮಾತಾಡುತ್ತೇವೆ. ಗಾಜಿನ ಸೂರು. ಆ ಮಾತಿನಿಂದ ಉಪಕಾರ ಆಗಿದೆ, ಇಲ್ಲ ಅನ್ನಲಾರೆ. ಆದರೆ ಸೂರು ಅಂದ ಕೂಡಲೇ ಎಲ್ಲರ ಕಣ್ಣೂ ಮೇಲಕ್ಕೆ ಹೋಗುತ್ತದೆ. ಬೋರ್ಡಿನಲ್ಲಿ ಎಷ್ಟು ಹೆಂಗಸರು, ಸಿಇಒ ಎಷ್ಟು ಜನ ಅಂತ ಎಣಿಸುತ್ತೇವೆ. ಬಹಳಷ್ಟು ಜನ ಸೂರಿನ ಹತ್ತಿರ ಹೋಗುವುದೇ ಇಲ್ಲ. ಅವರು ಬಿದ್ದುಹೋಗುವುದು ಮೊದಲ ಮೆಟ್ಟಿಲಲ್ಲಿ. ಅಮೆರಿಕದ ಕಂಪನಿಗಳ ಬಗ್ಗೆ ಮೆಕಿನ್ಸಿ ಮತ್ತು ಲೀನ್‌ಇನ್ ಸಂಸ್ಥೆಗಳು ತಂದ 2019ರ ವರದಿ ಇದನ್ನೇ ‘ಮುರಿದ ಮೆಟ್ಟಿಲು’ ಅಂತ ಕರೆಯಿತು: ಮೊದಲ ಬಾರಿ ಮ್ಯಾನೇಜರ್ ಆಗಿ ಬಡ್ತಿ ಪಡೆದ ಪ್ರತಿ 100 ಗಂಡಸರಿಗೆ 72 ಹೆಂಗಸರು. 2024ರಲ್ಲಿ ಆ ಸಂಖ್ಯೆ 81. ಅಲ್ಲಿ ತಪ್ಪಿಹೋದವರು ಹತ್ತು ವರ್ಷದ ನಂತರದ ವೈಸ್ ಪ್ರೆಸಿಡೆಂಟ್ ಪಟ್ಟಿಯಲ್ಲಿ ಎಲ್ಲಿಂದ ಬರಬೇಕು? ‘ಅರ್ಹರು ಸಿಗುತ್ತಿಲ್ಲ’ ಅಂತ ಆಗ ಕೊರಗುತ್ತೇವೆ. ಸಸಿಗೆ ನೀರು ಹಾಕದವರು ಹಣ್ಣಿಗೆ ಕಾದ ಹಾಗೆ.

ಕೋಟಾದ ವಿರೋಧಿ ನಾನಲ್ಲ. ನಾರ್ವೆ 2003ರಲ್ಲಿ ಕಾನೂನು ಮಾಡಿ, 2008ರ ಹೊತ್ತಿಗೆ ಅಲ್ಲಿನ ಪಬ್ಲಿಕ್ ಲಿಮಿಟೆಡ್ ಕಂಪನಿಗಳ ಬೋರ್ಡುಗಳಲ್ಲಿ ಹೆಂಗಸರು ಕನಿಷ್ಠ ಸುಮಾರು 40 ಶೇಕಡಾ ಇರುವಂತೆ ಮಾಡಿತು. ಪಾಲಿಸದ ಕಂಪನಿಯನ್ನೇ ಮುಚ್ಚಿಸುವ ಅಧಿಕಾರ ಕಾನೂನಿಗಿತ್ತು. ಅರ್ಹ ಹೆಂಗಸರೇ ಇಲ್ಲ ಅನ್ನುತ್ತಿದ್ದ ಕಂಪನಿಗಳಿಗೆ ಆಮೇಲೆ ಹೆಂಗಸರು ಸಿಕ್ಕರು. ಅಷ್ಟರ ಮಟ್ಟಿಗೆ ಅದು ಗೆದ್ದಿತು. ಆದರೆ ಅರ್ಥಶಾಸ್ತ್ರಜ್ಞರು ಕೂತು ಲೆಕ್ಕ ಹಾಕಿದಾಗ, ಬೋರ್ಡಿಗೆ ಬಂದ ಆ ಹೆಂಗಸರಿಂದ ಅದೇ ಕಂಪನಿಗಳ ಕೆಳಹಂತದ ಹೆಂಗಸರಿಗೆ ಹೆಚ್ಚೇನೂ ಆದಂತೆ ಕಾಣಲಿಲ್ಲ. ಮೇಲೆ ಸುರಿದ ನೀರು ತಾನಾಗಿ ಕೆಳಗಿಳಿಯಲಿಲ್ಲ. ಕೆಳಗಿನ ಕೆಲಸ ಬೇರೆಯದೇ ಇದೆ, ಅದನ್ನು ಅಲ್ಲೇ ಮಾಡಬೇಕು.

ಇನ್ನು ಕೆಲವರಿಗೆ ಬಾಗಿಲಲ್ಲೇ ಹೆಸರು ಅಡ್ಡ ಬರುತ್ತದೆ. ಅರ್ಥಶಾಸ್ತ್ರಜ್ಞರಾದ ಮರಿಯಾನ್ ಬರ್ಟ್ರಂಡ್ ಮತ್ತು ಸೆಂಧಿಲ್ ಮುಲ್ಲೈನಾಥನ್ ಅಮೆರಿಕದ ಬಾಸ್ಟನ್, ಶಿಕಾಗೊ ನಗರಗಳ ಉದ್ಯೋಗ ಜಾಹೀರಾತುಗಳಿಗೆ ಸುಮಾರು 5,000 ಬಯೋಡೇಟಾ ಕಳಿಸಿ ನೋಡಿದರು. ಅರ್ಹತೆಯ ಮಟ್ಟ ಒಂದೇ, ಹೆಸರು ಮಾತ್ರ ಬೇರೆ. ಬಿಳಿಯರದೆಂದು ಕೇಳಿಸುವ ಹೆಸರುಗಳಿಗೆ, ಕಪ್ಪು ಜನರದೆಂದು ಕೇಳಿಸುವ ಹೆಸರುಗಳಿಗಿಂತ 50 ಶೇಕಡಾ ಹೆಚ್ಚು ಕರೆ ಬಂತು. 2004ರಲ್ಲಿ ಪ್ರಕಟವಾದ ಅಧ್ಯಯನ ಇದು. ಬಣ್ಣದ ಜಾಗದಲ್ಲಿ ಧರ್ಮ, ಜಾತಿ, ಭಾಷೆ, ಅಂಗವೈಕಲ್ಯ ಯಾವುದನ್ನೇ ಇಡಿ, ಅನುಭವಿಸಿದವರಿಗೆ ವಿವರಿಸಬೇಕಾಗಿಲ್ಲ. ‘ಟೀಮ್ ಜೊತೆ ಬೆರೆಯಲ್ಲ’ ಅಂತ ಬರೆಸಿಕೊಂಡ ಆ ಹುಡುಗನನ್ನು ಟೀಮಿನವರು ಒಂದು ದಿನವಾದರೂ ಊಟಕ್ಕೆ ಕರೆದಿದ್ದರೇ ಅಂತ ನಾವು ಯಾರೂ ಕೇಳಲೇ ಇಲ್ಲ.

ಮಗು ಹುಟ್ಟಿದ ಮೇಲಿನ ಕಥೆ ನನ್ನದೇ. ಹೆರಿಗೆ ರಜೆ ಮುಗಿಸಿ ವಾಪಸ್ ಬಂದಾಗ ನನ್ನ ಕುರ್ಚಿ ಇತ್ತು, ಹುದ್ದೆಯ ಹೆಸರು ಇತ್ತು, ಕ್ಲೈಂಟ್ ಇರಲಿಲ್ಲ. ‘ನಿಮಗೆ ತೊಂದರೆ ಆಗದಿರಲಿ ಅಂತ ಬೇರೆಯವರಿಗೆ ಕೊಟ್ಟಿದ್ದೇವೆ, ಸ್ವಲ್ಪ ದಿನ ಟ್ರೇನಿಂಗ್ ನೋಡಿಕೊಳ್ಳಿ’ ಅಂದರು. ನಿಜವಾದ ಕಾಳಜಿಯಿಂದಲೇ ಅಂದರು. ನನ್ನನ್ನು ಒಂದು ಮಾತು ಕೇಳಲಿಲ್ಲ, ಅಷ್ಟೇ. ಆ ‘ಸ್ವಲ್ಪ ದಿನ’ ಮೂರು ವರ್ಷವಾಯಿತು. ಸಿಇಒ ಕುರ್ಚಿಗೆ ಹೋಗುವ ದಾರಿ ಬಹುಮಟ್ಟಿಗೆ ಲಾಭನಷ್ಟದ ಹೊಣೆ ಹೊತ್ತ ವಿಭಾಗಗಳ ಮೂಲಕವೇ ಹೋಗುತ್ತದೆ. ಟ್ರೇನಿಂಗ್, ಎಚ್‌ಆರ್, ಪ್ರಚಾರ ವಿಭಾಗಗಳಿಂದ ಹೋಗುವುದು ಅಪರೂಪ. ಹೆಂಗಸರನ್ನು ಪ್ರೀತಿಯಿಂದಲೇ ಆ ಕಡೆ ತಿರುಗಿಸಿಬಿಡುತ್ತೇವೆ. 2023ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಕ್ಲಾಡಿಯಾ ಗೋಲ್ಡಿನ್ ಹೇಳುವುದೂ ಇದೇ ಜಾಡಿನದು: ಯಾವ ಹೊತ್ತಿನಲ್ಲಿ ಕರೆದರೂ ಓಡಿಬರುವವರಿಗೇ ಹೆಚ್ಚು ಸಂಬಳ, ಹೆಚ್ಚು ಬಡ್ತಿ ಕೊಡುವ ಕೆಲಸಗಳಲ್ಲಿ, ಮೊದಲ ಮಗುವಿನ ಜೊತೆಗೇ ಗಂಡ ಹೆಂಡಿರ ಗಳಿಕೆಯ ಅಂತರ ಹಿಗ್ಗುತ್ತದೆ. ಅಪ್ಪಂದಿರೂ ರಜೆ ತೆಗೆದುಕೊಳ್ಳಬೇಕು ಅಂತ ನಾನು ಹಟ ಹಿಡಿಯುವುದು ಇದಕ್ಕೇ. ಮಗುವಿಗಾಗಿ ಯಾರು ಬೇಕಾದರೂ ಕೆಲ ತಿಂಗಳು ಮನೆಯಲ್ಲಿರಬಹುದು ಅಂತಾದರೆ, ಹೆಣ್ಣನ್ನು ಮಾತ್ರ ‘ರಿಸ್ಕ್’ ಅಂತ ನೋಡುವುದು ತಪ್ಪುತ್ತದೆ.

ಇದಕ್ಕೆಲ್ಲ ಕಂಪನಿಗಳು ಹುಡುಕಿಕೊಂಡ ಮದ್ದು, ಭೇದಭಾವ ಮಾಡಬೇಡಿ ಅಂತ ಹೇಳಿಕೊಡುವ ಅರ್ಧ ದಿನದ ತರಬೇತಿ. ಸ್ಲೈಡು ನೋಡುತ್ತೇವೆ, ಸಹಿ ಹಾಕುತ್ತೇವೆ, ವಾಪಸ್ ಬಂದು ಅದೇ ರಿಮಾರ್ಕ್ಸ್ ಬರೆಯುತ್ತೇವೆ. ಅಮೆರಿಕದ 708 ಕಂಪನಿಗಳ ಮೂರು ದಶಕದ ದಾಖಲೆ ನೋಡಿದ ಸಮಾಜಶಾಸ್ತ್ರಜ್ಞರಾದ ಅಲೆಕ್ಸಾಂಡ್ರಾ ಕಲೆವ್, ಫ್ರಾಂಕ್ ಡಾಬಿನ್, ಎರಿನ್ ಕೆಲಿ 2006ರಲ್ಲೇ ಬರೆದಿದ್ದಾರೆ: ಇಂಥ ತರಬೇತಿಯಿಂದ ಆಗುವುದು ತೀರಾ ಕಡಿಮೆ. ಹೆಚ್ಚು ಫಲ ಕೊಟ್ಟದ್ದು, ಇದು ನಿನ್ನ ಜವಾಬ್ದಾರಿ ಅಂತ ನಿರ್ದಿಷ್ಟ ಜನಕ್ಕೆ ಹೊಣೆ ಹೊರಿಸಿದ್ದು. ಮಾರಾಟದ ಟಾರ್ಗೆಟ್ ತಪ್ಪಿದರೆ ಮ್ಯಾನೇಜರನ್ನು ಕೇಳುತ್ತೇವೆ. ಐದು ವರ್ಷದಲ್ಲಿ ಒಬ್ಬ ಹೆಣ್ಣುಮಗಳನ್ನೂ ಮೇಲಕ್ಕೆ ತರದ ಮ್ಯಾನೇಜರನ್ನು ಯಾರು ಕೇಳಿದ್ದಾರೆ?

ಜೊತೆಗೆ ಒಳಗೆ ಕರೆದು ಕೂರಿಸುವವರು ಬೇಕು. ಉರ್ಸುಲಾ ಬರ್ನ್ಸ್ 1980ರಲ್ಲಿ ಜೆರಾಕ್ಸ್‌ಗೆ ಬೇಸಿಗೆಯ ಇಂಟರ್ನ್ ಆಗಿ ಬಂದವರು, ನ್ಯೂಯಾರ್ಕಿನ ಸರ್ಕಾರಿ ವಸತಿಯಲ್ಲಿ ತಾಯಿಯೊಬ್ಬಳೇ ಬೆಳೆಸಿದ ಮಗಳು. ಹತ್ತು ವರ್ಷದ ಮೇಲೆ ಹಿರಿಯ ಅಧಿಕಾರಿಯೊಬ್ಬರು, ನಂತರ ಕಂಪನಿಯ ಮುಖ್ಯಸ್ಥರೇ ಅವರನ್ನು ತಮ್ಮ ಕಾರ್ಯನಿರ್ವಾಹಕ ಸಹಾಯಕಿಯಾಗಿ ಇಟ್ಟುಕೊಂಡರು. ದೊಡ್ಡ ತೀರ್ಮಾನಗಳು ಹೇಗೆ ಹುಟ್ಟುತ್ತವೆ ಅಂತ ಪಕ್ಕದಲ್ಲೇ ಕೂತು ನೋಡುವ ಅವಕಾಶ ಅದು. 2009ರಲ್ಲಿ ಅವರು ಸಿಇಒ ಆದರು. ಫಾರ್ಚೂನ್ 500 ಪಟ್ಟಿಯ ಕಂಪನಿಯನ್ನು ಮುನ್ನಡೆಸಿದ ಮೊದಲ ಕಪ್ಪು ಮಹಿಳೆ. ಪ್ರತಿಭೆ ಅವರದೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅಂಥದ್ದೇ ಪ್ರತಿಭೆ ಇದ್ದು, ಆ ಕೋಣೆಯ ಒಳಗನ್ನೇ ನೋಡದೆ ನಿವೃತ್ತರಾದವರು ಎಷ್ಟು ಜನವೋ.

ನಮ್ಮ ಶೀಟಿನ ಆ ಹುಡುಗಿ ಪಳಗಲು ಕಾಯಲಿಲ್ಲ. ಎಂಟು ತಿಂಗಳಿಗೆ ರಾಜೀನಾಮೆ ಕೊಟ್ಟಳು. ಕೊನೆಯ ದಿನ ನನ್ನ ಟೇಬಲ್ ಹತ್ತಿರ ಬಂದು, “ಮೇಡಂ, ನನ್ನಲ್ಲಿ ಏನು ಕಡಿಮೆ ಇತ್ತು ಅಂತ ನಿಜ ಹೇಳಿ, ತಿದ್ದಿಕೊಳ್ತೀನಿ” ಅಂದಳು. ನನ್ನ ಬಾಯಿಂದ ಮಾತು ಹೊರಡಲಿಲ್ಲ. ಹೇಳುವುದಕ್ಕೆ ನಿಜವಾಗಿ ಏನೂ ಇರಲಿಲ್ಲ.

ಬರುವ ವಾರ ಅಂಥದ್ದೇ ಮೀಟಿಂಗ್ ಇದೆ. ಈಗ ನಡೆಸುವವಳು ನಾನು. ಹುದ್ದೆಗೆ ಏನೇನು ಬೇಕು ಅಂತ ಹೆಸರು ನೋಡುವ ಮೊದಲೇ ಬರೆದು ಎಲ್ಲರಿಗೂ ಕಳಿಸಿದ್ದೇನೆ. ಹೆರಿಗೆ ರಜೆಯಲ್ಲಿರುವ ಇಬ್ಬರ ಹೆಸರೂ ಪಟ್ಟಿಯಲ್ಲಿದೆ. ಬೇಕೋ ಬೇಡವೋ ಅಂತ ಅವರನ್ನೇ ಫೋನ್ ಮಾಡಿ ಕೇಳಿದ್ದೇವೆ. ಒಂದೊಂದು ಹೆಸರಿಗೂ ಹದಿನೈದು ನಿಮಿಷ. ರಿಮಾರ್ಕ್ಸ್ ಕಾಲಂ ತೆಗೆಸಿ ಆ ಜಾಗದಲ್ಲಿ ‘ಮಾಡಿದ ಕೆಲಸ, ಅದಕ್ಕೆ ಪುರಾವೆ’ ಅಂತ ಹಾಕಿಸಿದ್ದೇನೆ.