ಏರಿನಲ್ಲಿ ಹಿಂದಿನ ಶಾಕ್ ಅನ್ನು ಲಾಕ್ ಮಾಡಬೇಕೇ?

ಮೌಂಟನ್ ಬೈಕ್ ಕೊಂಡ ಹೆಚ್ಚಿನವರು ಹಿಂದಿನ ಶಾಕ್‌ನ, ಅಂದರೆ ಹಿಂದಿನ ಚಕ್ರದ ಪೆಟ್ಟು ಹೀರುವ ಗಾಳಿ ತುಂಬಿದ ಸಾಧನದ, ಬಗ್ಗೆ ಮೊದಲು ಕಲಿಯುವುದು, ಏರು ಬಂದ ಕೂಡಲೇ ಅದನ್ನು ಬಿಗಿ ಮಾಡುವ ಲಾಕ್‌ಔಟ್ ಲಿವರ್ ತಿರುಗಿಸುವುದನ್ನು. ಪೆಡಲ್ ತುಳಿದಾಗಲೆಲ್ಲ ಸೀಟು ಕುಸಿದು ಏಳುವುದರಿಂದ ಶಕ್ತಿ ಪೋಲಾಗುತ್ತದೆ ಎಂಬುದು ಅವರ ಕಾರಣ. ನಂದಿ ಬೆಟ್ಟದ ಡಾಂಬರು ತಿರುವುಗಳನ್ನು ಏರುವವರಿಗೆ ಈ ಮಾತು ಒಪ್ಪುತ್ತದೆ. ಆದರೆ ಸಕಲೇಶಪುರದ ಕಡೆಯ ತೋಟದ ದಾರಿಗಳಲ್ಲಿ, ಅದರಲ್ಲೂ ಒದ್ದೆ ಬೇರು ಮತ್ತು ಸಡಿಲ ಕಲ್ಲುಗಳ ಕಡಿದಾದ ಏರಿನಲ್ಲಿ, ಶಾಕ್ ಅನ್ನು ಬಿಗಿ ಮಾಡಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ. ಬಿಗಿಯಾದ ಶಾಕ್ ಇದ್ದಾಗ ಹಿಂದಿನ ಚಕ್ರ ಪ್ರತಿ ಕಲ್ಲಿಗೂ ಪುಟಿದು ನೆಲ ಬಿಡುತ್ತದೆ, ಆ ಹೊತ್ತಿಗೇ ತುಳಿತದ ಬಲವೂ ಬಿದ್ದರೆ ಚಕ್ರ ನಿಂತಲ್ಲೇ ಸುತ್ತಿ ಸವಾರ ಕಾಲು ಕೆಳಗಿಡಬೇಕಾಗುತ್ತದೆ. ಒಲಿಂಪಿಕ್ಸ್ ಮಟ್ಟದ ಕ್ರಾಸ್‌ಕಂಟ್ರಿ ಸ್ಪರ್ಧಿಗಳೂ ಲಾಕ್ ಬಳಸುತ್ತಾರಲ್ಲ ಎಂದು ಕೇಳುವವರಿದ್ದಾರೆ. ಅವರ ಲಿವರ್ ಹ್ಯಾಂಡಲ್‌ಬಾರ್‌ನಲ್ಲೇ ಇರುತ್ತದೆ, ನಯವಾದ ತುಣುಕು ಮುಗಿದ ಕೂಡಲೇ ಅದನ್ನು ಬಿಡುತ್ತಾರೆ.

ಸೀಟು ಅತಿಯಾಗಿ ಆಡುತ್ತಿದ್ದರೆ ಮೊದಲು ನೋಡಬೇಕಾದದ್ದು ಸ್ಯಾಗ್, ಅಂದರೆ ಸವಾರ ಕುಳಿತಾಗ ಅವನ ಭಾರಕ್ಕೇ ಶಾಕ್ ಎಷ್ಟು ಕುಸಿಯುತ್ತದೆ ಎಂಬುದು. ಹೆಲ್ಮೆಟ್, ಶೂ, ನೀರಿನ ಬ್ಯಾಗ್ ಎಲ್ಲವನ್ನೂ ಧರಿಸಿ, ಲಿವರ್ ತೆರೆದಿಟ್ಟು, ಗೋಡೆಗೆ ಕೈಕೊಟ್ಟು ನಿಧಾನವಾಗಿ ಕೂರಬೇಕು. ಶಾಕ್‌ನ ದಂಡದ ಮೇಲಿನ ರಬ್ಬರಿನ ಓ-ರಿಂಗ್ ಅನ್ನು ಸೀಲ್‌ವರೆಗೆ ಸರಿಸಿ, ಕುಲುಕದೆ ಇಳಿದು ಅಳೆಯಬೇಕು. 50 ಮಿ.ಮೀ. ಸ್ಟ್ರೋಕ್‌ನ (ಪೂರ್ತಿ ಕುಸಿಯಬಲ್ಲ ಉದ್ದದ) ಶಾಕ್ ಆದರೆ ಸಾಮಾನ್ಯ ಟ್ರೇಲ್ ಸವಾರಿಗೆ 12.5ರಿಂದ 15 ಮಿ.ಮೀ., ಅಂದರೆ ಶೇ. 25ರಿಂದ 30, ಸರಿಯಾದ ಆರಂಭ. ಸ್ಯಾಗ್ ಇದಕ್ಕಿಂತ ಹೆಚ್ಚಿದ್ದರೆ ಗಾಳಿಯನ್ನು ಸ್ವಲ್ಪಸ್ವಲ್ಪವಾಗಿ ತುಂಬುತ್ತ, ನಡುನಡುವೆ ಶಾಕ್ ಅನ್ನು ಕೆಲವು ಸಲ ನಿಧಾನವಾಗಿ ಅದುಮಿದರೆ ಒಳಗಿನ ಎರಡು ಕೋಣೆಗಳ ಒತ್ತಡ ಸಮವಾಗುತ್ತದೆ. ಆಗ ಪಂಪ್‌ನ ಮುಳ್ಳು ಇಳಿಯುವುದು ಸೋರಿಕೆಯಲ್ಲ. ಪಂಪ್ ಬಿಚ್ಚುವಾಗ ಕೇಳುವ ಬುಸ್ಸೆಂಬ ಸದ್ದೂ ಬಹುಮಟ್ಟಿಗೆ ಅದರ ಕೊಳವೆಯೊಳಗಿನ ಗಾಳಿಯದ್ದೇ, ಹಾಗಾಗಿ ಅದಕ್ಕೆ ಹೆದರಿ ಹತ್ತು ಪಿಎಸ್‌ಐ ಹೆಚ್ಚಿಗೆ ತುಂಬಬೇಕಿಲ್ಲ.

ಗೆಳೆಯರ ಪಿಎಸ್‌ಐ ಕೇಳಿ ಅಷ್ಟೇ ತುಂಬಿಕೊಳ್ಳುವುದೂ ನನಗೆ ಸರಿಕಾಣದು. ಹಿಂದಿನ ಚಕ್ರದ 130 ಮಿ.ಮೀ. ಚಲನೆಯನ್ನು ಒಂದು ಫ್ರೇಮ್ 50 ಮಿ.ಮೀ. ಸ್ಟ್ರೋಕ್‌ನಿಂದ ಪಡೆದರೆ ಇನ್ನೊಂದು 45ರಿಂದ ಪಡೆಯುತ್ತದೆ. ಎರಡನೆಯದರಲ್ಲಿ ಸನ್ನೆಯ ಅನುಪಾತ, ಅಂದರೆ ಶಾಕ್ ಕುಸಿತದ ಎಷ್ಟು ಪಟ್ಟು ಚಕ್ರ ಚಲಿಸುತ್ತದೆ ಎಂಬುದು, ಹೆಚ್ಚು, ಆದ್ದರಿಂದ ಇಬ್ಬರ ತೂಕ ಒಂದೇ ಇದ್ದರೂ ಬೇಕಾಗುವ ಒತ್ತಡ ಬೇರೆ.

ರಿಬೌಂಡ್ ಅನ್ನು, ಅಂದರೆ ಕುಸಿದ ಶಾಕ್ ಮರಳುವ ವೇಗದ ಹೊಂದಿಕೆಯನ್ನು, ಸ್ಯಾಗ್ ಆದ ಮೇಲೆಯೇ ಮುಟ್ಟಬೇಕು, ಏಕೆಂದರೆ ಗಾಳಿ ಹೆಚ್ಚಿದಷ್ಟೂ ಶಾಕ್ ಮರಳುವ ರಭಸ ಹೆಚ್ಚುತ್ತದೆ. ತೀರಾ ವೇಗವಾಗಿದ್ದರೆ ಇಳಿಜಾರಿನಲ್ಲಿ ಸೀಟು ಬೆನ್ನಿಗೆ ಒದ್ದಂತಾಗುತ್ತದೆ, ತೀರಾ ನಿಧಾನವಾಗಿದ್ದರೆ ಸಾಲುಗಲ್ಲುಗಳ ಮೇಲೆ ಶಾಕ್ ಪೂರ್ತಿ ಮರಳುವ ಮೊದಲೇ ಮುಂದಿನ ಪೆಟ್ಟು ಬಿದ್ದು ಕುಸಿಯುತ್ತಲೇ ಹೋಗುತ್ತದೆ. ಈ ಎರಡನೆಯ ದೋಷವನ್ನು ಬಹಳ ಮಂದಿ ಗಾಳಿ ಕಡಿಮೆಯಾಗಿದೆ ಎಂದು ತಿಳಿದು ಮತ್ತೆ ಪಂಪ್ ಹಿಡಿಯುತ್ತಾರೆ. ಒಂದೇ ಇಳಿಜಾರನ್ನು ಮತ್ತೆಮತ್ತೆ ಇಳಿಯುತ್ತ, ಸಲಕ್ಕೆ ರಿಬೌಂಡ್ ತಿರುಪನ್ನು ಒಂದೆರಡು ಕ್ಲಿಕ್ ಮಾತ್ರ ಬದಲಿಸಿ ನೋಡುವುದು ಉತ್ತಮ.

ಸವಾರಿ ಮುಗಿದಾಗ ಓ-ರಿಂಗ್ ಎಲ್ಲಿ ನಿಂತಿದೆ ನೋಡಿ. ಇಡೀ ದಿನದ ದೊಡ್ಡ ಪೆಟ್ಟಿಗೂ ಅದು ಕೊನೆಯ ಹತ್ತಿರ ಹೋಗದಿದ್ದರೆ ಗಾಳಿ ಜಾಸ್ತಿಯಾಗಿರಬಹುದು. ಸ್ಯಾಗ್ ಸರಿಯಿದ್ದೂ ಪದೇಪದೇ ತಳ ಬಡಿಯುತ್ತಿದ್ದರೆ ಗಾಳಿ ಏರಿಸುವ ಬದಲು ಒಳಗೆ ಒಂದು ವಾಲ್ಯೂಮ್ ಸ್ಪೇಸರ್ (ಗಾಳಿಯ ಜಾಗವನ್ನು ಕಿರಿದಾಗಿಸುವ ತುಂಡು) ಹಾಕಿಸಿ. ಆರಂಭದ ಮೃದುತನ ಹೆಚ್ಚುಕಡಿಮೆ ಹಾಗೆಯೇ ಉಳಿದು, ಕೊನೆಯ ಭಾಗವಷ್ಟೇ ಗಟ್ಟಿಯಾಗುತ್ತದೆ.