ಅಭಿಪ್ರಾಯಕ್ಕೆ ಎದುರಾಗುವ ಟೀಕೆ ಮತ್ತು 19ನೇ ವಿಧಿ: ಒಂದು ಸ್ಪಷ್ಟನೆ

"ಸಂವಿಧಾನವೇ ನನಗೆ ಮಾತನಾಡುವ ಹಕ್ಕು ಕೊಟ್ಟಿರುವಾಗ, ನನ್ನ ಅಭಿಪ್ರಾಯವನ್ನು ಖಂಡಿಸುವವರು ಆ ಹಕ್ಕನ್ನೇ ಕಸಿಯುತ್ತಿದ್ದಾರೆ" ಎಂಬ ವಾದವೊಂದು ಪದೇ ಪದೇ ಹರಿದಾಡುತ್ತಿದೆ. ಇದು ತಪ್ಪು ತಿಳಿವಳಿಕೆ.

19(1)(ಎ) ವಿಧಿಯು ವಾಕ್ ಮತ್ತು ಅಭಿವ್ಯಕ್ತಿ ಸ್ವಾತಂತ್ರ್ಯವನ್ನು ಎಲ್ಲ ನಾಗರಿಕರಿಗೂ ಕೊಟ್ಟಿರುವುದರಿಂದ, ಮೊದಲು ಮಾತನಾಡಿದವರಿಗೆ ಇರುವಷ್ಟೇ ಹಕ್ಕು ಅದನ್ನು ಒಪ್ಪದೆ ಕಟುವಾಗಿ ಉತ್ತರಿಸುವವರಿಗೂ ಇದೆ. 2023ರ ಜನವರಿಯಲ್ಲಿ ಕೌಶಲ್ ಕಿಶೋರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಬಹುಮತದ ತೀರ್ಪು, 19 ಮತ್ತು 21ನೇ (ಜೀವ ಮತ್ತು ವೈಯಕ್ತಿಕ ಸ್ವಾತಂತ್ರ್ಯದ) ವಿಧಿಗಳ ಹಕ್ಕುಗಳನ್ನು ಸರ್ಕಾರೇತರ ವ್ಯಕ್ತಿಗಳ ವಿರುದ್ಧವೂ ಜಾರಿಗೊಳಿಸಬಹುದು ಎಂದಿರುವುದು ನಿಜ. ಆದರೆ ಟೀಕೆಯೇ ಹಕ್ಕಿನ ಉಲ್ಲಂಘನೆ ಎಂದು ಅದನ್ನು ಓದಿಕೊಳ್ಳಲು ಬರುವುದಿಲ್ಲ.

19(2)ನೇ ವಿಧಿಯಲ್ಲಿ ನಿರ್ಬಂಧಕ್ಕೆ ಕೊಟ್ಟಿರುವ ಕಾರಣಗಳು ದೇಶದ ಭದ್ರತೆ, ಸಾರ್ವಜನಿಕ ಸುವ್ಯವಸ್ಥೆ, ಮಾನನಷ್ಟ, ಅಪರಾಧಕ್ಕೆ ಪ್ರಚೋದನೆ ಮುಂತಾದವು. ಕೇಳಿದವರಿಗೆ ಬೇಸರವಾಯಿತು ಎಂಬುದು ಅಲ್ಲಿಲ್ಲ. ಕಿರಿಕಿರಿ, ಅನಾನುಕೂಲ ಉಂಟುಮಾಡುವ ಸಂದೇಶಗಳನ್ನೂ ಅಪರಾಧವಾಗಿಸಿದ್ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಕಲಮನ್ನು ಸುಪ್ರೀಂ ಕೋರ್ಟ್ 2015ರ ಮಾರ್ಚ್ 24ರಂದು ಶ್ರೇಯಾ ಸಿಂಘಲ್ ಪ್ರಕರಣದಲ್ಲಿ ರದ್ದುಪಡಿಸಿತು. ಚರ್ಚೆ ಮತ್ತು ಪ್ರತಿಪಾದನೆ, ಅವು ಎಷ್ಟೇ ಅಪ್ರಿಯವಾಗಿದ್ದರೂ, ರಕ್ಷಣೆಗೆ ಅರ್ಹ. ಅವು ಪ್ರಚೋದನೆಯ ಮಟ್ಟ ಮುಟ್ಟಿದಾಗ ಮಾತ್ರ ಕಾನೂನು ಮಧ್ಯೆ ಬರುತ್ತದೆ ಎಂಬ ಆ ತೀರ್ಪಿನ ವಿವೇಚನೆ, ನನ್ನ ದೃಷ್ಟಿಯಲ್ಲಿ, ಈ ಇಡೀ ವಿಷಯದ ತಿರುಳು.

ಬೆದರಿಕೆ ಮಾತ್ರ ಟೀಕೆಯಲ್ಲ. ಭಾರತೀಯ ನ್ಯಾಯ ಸಂಹಿತೆಯ 351ನೇ ಕಲಮಿನಡಿ ಅದು ಅಪರಾಧ. ಹಿಂಸೆಯ ಬೆದರಿಕೆಗೆ ಮಣಿದು ಅಭಿವ್ಯಕ್ತಿಯನ್ನು ಹತ್ತಿಕ್ಕುವಂತಿಲ್ಲ, ಅದನ್ನು ರಕ್ಷಿಸುವುದು ಸರ್ಕಾರದ ಕರ್ತವ್ಯ ಎಂದು ಸುಪ್ರೀಂ ಕೋರ್ಟ್ 1989ರಲ್ಲೇ, ಎಸ್. ರಂಗರಾಜನ್ ಪ್ರಕರಣದಲ್ಲಿ, ಹೇಳಿದೆ.